ಮಧ್ಯಯುಗ ಅಂದ್ರೆ ಬೈಗುಳವಾ?

ಮರ್ಯಾದೆಗೇಡು ಹತ್ಯೆಯ ಸುದ್ದಿ ಬಂದರೆ ಸಾಕು, ಚರ್ಚೆಗೆ ಕೂತವರಲ್ಲಿ ಒಬ್ಬರಾದರೂ 'ನಾವೇನು ಮಧ್ಯಯುಗದಲ್ಲಿದ್ದೀವಾ?' ಅಂತ ಗುಡುಗುತ್ತಾರೆ.

ಯಾವುದರ ಮಧ್ಯ ಸ್ವಾಮಿ ಅದು? 14ನೇ ಶತಮಾನದಲ್ಲಿ ಇಟಲಿಯ ಕವಿ ಪೆಟ್ರಾರ್ಕ್, ರೋಮ್ ವೈಭವ ಮುಗಿದ ಮೇಲಿನದ್ದೆಲ್ಲ ಕತ್ತಲು ಅಂದುಬಿಟ್ಟ. 1688ರಲ್ಲಿ ಜರ್ಮನಿಯ ಸೆಲ್ಲಾರಿಯಸ್ ಅದಕ್ಕೇ 'ಮಧ್ಯಯುಗ' ಅಂತ ಹೆಸರಿಟ್ಟು ಪುಸ್ತಕ ಬರೆದ. ಪ್ರಾಚೀನ, ಮಧ್ಯ, ಆಧುನಿಕ ಅನ್ನೋ ಲೆಕ್ಕ ಗಟ್ಟಿಯಾಯಿತು. ಆದರೆ ನೋಡಿ, ಬೊಲೊನಾ, ಪ್ಯಾರಿಸ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಆ 'ಕತ್ತಲಲ್ಲೇ'. ಕನ್ನಡಕವೂ ಆಗಿನದ್ದೇ!

ನಮ್ಮ ಕಥೆ ಇನ್ನೂ ವಿಚಿತ್ರ. ಭಾರತಕ್ಕೆ ಕಾಲೇ ಇಡದ ಜೇಮ್ಸ್ ಮಿಲ್, 1817ರಲ್ಲಿ ನಮ್ಮ ಚರಿತ್ರೆಯನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಅಂತ ಕತ್ತರಿಸಿದ. ಆಮೇಲೆ ಲೇಬಲ್ ಬದಲಾಯಿತು: ಪ್ರಾಚೀನ, ಮಧ್ಯಕಾಲೀನ, ಆಧುನಿಕ. ಗೆರೆ ಮಾತ್ರ ಬಹುಕಾಲ ಅಲ್ಲೇ ಇತ್ತು. ಈಗ ಅನೇಕ ಇತಿಹಾಸಕಾರರು 'ಆದಿ ಮಧ್ಯಯುಗ'ವನ್ನು 6-7ನೇ ಶತಮಾನದಿಂದಲೇ ಶುರು ಮಾಡುತ್ತಾರೆ.

ಆ ಲೆಕ್ಕದಲ್ಲಿ 12ನೇ ಶತಮಾನದ ಬಸವಣ್ಣನವರೂ ಮಧ್ಯಯುಗದವರೇ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕೆ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆಯಾಯಿತು ಅನ್ನುತ್ತೆ ಶರಣ ಪರಂಪರೆ. ಶಿಕ್ಷೆ ಕೊಟ್ಟದ್ದು ಮಧ್ಯಯುಗ, ಸರಿ. ಮದುವೆ ಮಾಡಿಸಿದ್ದು ಯಾವ ಯುಗ?