ಸೊಂಟ ಹಿಡಿದಾಗ: ಉಳುಕು ತೆಗೆಯುವವರಿಂದ ಯೋಗಶಾಲೆಯವರೆಗೆ

ತೊರಪಲ್ಲಿ ಅಗ್ರಹಾರ ಎಂದೊಡನೆ ನಿಮಗೆ ರಾಜಾಜಿಯವರ ನೆನಪಾಗುತ್ತದೆ. 1878ರ ಡಿಸೆಂಬರ್ 10ರಂದು ಅವರು ಹುಟ್ಟಿದ ಊರು ಇದು. ಆದರೆ ಇಂದು ನಾವು ಹೇಳಹೊರಟಿರುವುದು ರಾಜಕಾರಣದ ಇತಿಹಾಸವನ್ನಲ್ಲ, ನಮ್ಮ ನಿಮ್ಮ ಸೊಂಟದ ಇತಿಹಾಸವನ್ನು.

ಹೊಸೂರು ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ಮಾತು ಯಾವುದಾದರೂ ರಾಗಿಹೊಲದಲ್ಲಿ ಬಗ್ಗಿ ಕಳೆ ಕಿತ್ತವರ ನೋವು ಒಂದೇ. ಸೊಂಟ ಹಿಡಿದುಕೊಂಡರೆ ಹಿಂದಿನವರು ಬಿಸಿನೀರು ಹುಯ್ದು ಎಣ್ಣೆ ತಿಕ್ಕುತ್ತಿದ್ದರು. ಅದಕ್ಕೂ ಜಗ್ಗದಿದ್ದರೆ ಉಳುಕು ತೆಗೆಯುವವರನ್ನು ಕರೆಯುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಮೆಲ್ಲನೆ ಒದ್ದರೆ ಉಳುಕು ಬಿಡುತ್ತದೆ ಎಂಬ ನಂಬಿಕೆಯನ್ನು ನೀವೂ ಕೇಳಿರಬಹುದು. ಇದನ್ನು ನೋಡಿ ನಗುವ ಮುನ್ನ ಒಂದು ಮಾತು. ಕೈಯಿಂದ ಒತ್ತಿ, ಎಳೆದು ಬೆನ್ನನ್ನು ಸರಿಮಾಡುವ ಪ್ರಯತ್ನ ಗ್ರೀಸಿನ ಹಿಪೊಕ್ರೆಟಿಸನ ಕಾಲದಲ್ಲೂ ಇತ್ತು. ನಮ್ಮ ಚರಕ ಸಂಹಿತೆಯಲ್ಲಿ ‘ಗೃಧ್ರಸಿ’ ಎಂಬ ರೋಗದ ವರ್ಣನೆಯಿದೆ. ಪಿರ್ರೆಯಲ್ಲಿ ಹುಟ್ಟಿದ ನೋವು ಸೊಂಟ, ತೊಡೆ, ಮೊಣಕಾಲು, ಮೀನಖಂಡಗಳನ್ನು ಹಾದು ಪಾದಕ್ಕೆ ಇಳಿಯುತ್ತದೆ ಎಂದು ಅಲ್ಲಿ ಹೇಳಿದೆ. ಇಂದು ಸಯಾಟಿಕಾ ಎನ್ನುವುದು ಇದನ್ನೇ.

ಪಿರ್ರೆಯ ಮೇಲೆ, ಬೆನ್ನಿನ ಎರಡೂ ಬದಿಗೆ ಕಾಣುವ ಸಣ್ಣ ಕುಳಿಗಳ ಬಳಿ ಬೆನ್ನುಮೂಳೆಯ ಬುಡವೂ ಸೊಂಟದ ಮೂಳೆಗಳೂ ಕೂಡುವ ಕೀಲುಗಳಿವೆ. ಇವು ಅಲುಗುವುದು ಅತ್ಯಲ್ಪ. ಬಸುರಿನಲ್ಲಿ ಅಲ್ಲಿನ ಕಟ್ಟುಗಳು ಸಡಿಲಗೊಳ್ಳುತ್ತವೆ. ಬಸುರಿ ಬಾಣಂತಿಯರಲ್ಲಿ ಹಲವರಿಗೆ ಆ ಭಾಗ ನೋಯುವುದಕ್ಕೆ ಇದೂ ಒಂದು ಕಾರಣ. ‘ಹೆಣ್ಣೆಂದ ಮೇಲೆ ಇದ್ದದ್ದೇ’ ಎಂದು ಎಷ್ಟು ತಾಯಂದಿರು ಸುಮ್ಮನೆ ಸಹಿಸಿಕೊಂಡರೋ!

ಈಗ 1934ನೆಯ ಇಸವಿಗೆ ಬನ್ನಿ. ಆ ವರ್ಷ ಅಮೆರಿಕದ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು, ಬೆನ್ನುಮೂಳೆಗಳ ನಡುವಿನ ಡಿಸ್ಕ್ ಒಡೆದು ನರವನ್ನು ಒತ್ತುವುದರಿಂದ ಕಾಲಿಗೆ ನೋವು ಇಳಿಯುತ್ತದೆ ಎಂದು ತೋರಿಸಿಕೊಟ್ಟರು. ಬೆನ್ನಿನ ಶಸ್ತ್ರಚಿಕಿತ್ಸೆಗೆ ಇದು ದೊಡ್ಡ ದಾರಿ ತೆರೆಯಿತು. ಅದೇ ವರ್ಷ ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ಕನ್ನಡದಲ್ಲಿ ಪ್ರಕಟವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರು ಯೋಗಶಾಲೆ ನಡೆಸುತ್ತಿದ್ದರು. ಅದೇ ವರ್ಷವೇ ಅವರ ಭಾವಮೈದುನನೂ ಮೈಸೂರಿಗೆ ಬಂದ. ಕೋಲಾರ ಜಿಲ್ಲೆಯ ಬೆಳ್ಳೂರಿನ ಆ ಹುಡುಗ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿ ಬಡಕಲಾಗಿದ್ದ. ಅವನೇ ಮುಂದೆ ಜಗತ್ತಿಗೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಪರಿಚಿತನಾದ.

ಅಯ್ಯಂಗಾರರು 1937ರಲ್ಲಿ ಪುಣೆಗೆ ಹೋದರು. 1952ರಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರ ಶಿಷ್ಯರಾದ ಮೇಲೆ ಹೆಸರು ಹೊರದೇಶಗಳಿಗೂ ಹಬ್ಬಿತು. ಬಗ್ಗಲಾರದವರಿಗೂ ಆಸನ ಕೈಗೂಡಲೆಂದು ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿ, ಮಡಿಸಿದ ಕಂಬಳಿಗಳನ್ನು ಬಳಸಿದ್ದು ಅವರ ಹೆಚ್ಚುಗಾರಿಕೆ. 1979ರಲ್ಲಿ ಸ್ಕೂಟರ್ ಅಪಘಾತದಲ್ಲಿ ಅವರ ಬೆನ್ನಿಗೇ ಪೆಟ್ಟಾಯಿತು. ಅಷ್ಟಕ್ಕೆ ಅವರು ಅಭ್ಯಾಸ ಬಿಡಲಿಲ್ಲ. 2014ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ.

ಇತ್ತ ಆಸ್ಪತ್ರೆಗಳಲ್ಲಿ ಬಹಳ ಕಾಲ ಬೆನ್ನುನೋವಿಗೆ ಮದ್ದೆಂದರೆ ಹಾಸಿಗೆ ಹಿಡಿದು ಮಲಗುವುದು ಎಂದಾಗಿತ್ತು. ದಿನಗಟ್ಟಲೆ ಮಲಗಿದರೆ ಸ್ನಾಯುಗಳು ಸೊರಗುತ್ತವೆ, ಚೇತರಿಕೆ ತಡವಾಗುತ್ತದೆ ಎಂಬುದು ಕ್ರಮೇಣ ತಿಳಿಯಿತು. 2017ರಲ್ಲಿ ಅಮೆರಿಕದ ವೈದ್ಯರ ಸಂಘವೊಂದು, ಸಾಮಾನ್ಯ ಸೊಂಟನೋವಿಗೆ ಮೊದಲು ಮಾತ್ರೆಯಿಲ್ಲದ ಉಪಚಾರ ಮಾಡಿರಿ ಎಂದು ಸಲಹೆ ಕೊಟ್ಟಿತು. ಶಾಖ, ಮಾಲೀಸು, ವ್ಯಾಯಾಮ, ಯೋಗ ಎಲ್ಲವೂ ಅದರಲ್ಲಿದ್ದವು. ಅದೇ ವರ್ಷ ಬಾಸ್ಟನ್ನಿನಲ್ಲಿ 320 ಜನರ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶವೂ ಹೊರಬಂತು. ಹಳೆಯ ಸೊಂಟನೋವಿಗೆ ಯೋಗತರಗತಿಯು ಫಿಸಿಯೊಥೆರಪಿಗಿಂತ ಕಡಿಮೆಯೇನಲ್ಲ ಎಂದು ಅದು ಹೇಳಿತು. ನೋಡಿದಿರಾ, ಮೈಸೂರಿನಿಂದ ಹೊರಟ ದಾರಿ ಬಾಸ್ಟನ್ನಿಗೂ ಹೋಗಿ ಮುಟ್ಟಿತು!

ಹಾಗಾದರೆ ಕೈಚಿಕಿತ್ಸೆ ಬೇಡವೇ? ಬೇಕು, ಕಲಿತವರ ಕೈಯಿಂದ. ಒತ್ತುವುದು, ನೀವುವುದು ನೋವನ್ನು ಸ್ವಲ್ಪ ಇಳಿಸಿ ಮೈ ಅಲುಗಿಸುವ ಧೈರ್ಯ ಕೊಡುತ್ತದೆ. ಆ ಮೇಲೆ ಸೊಂಟವನ್ನು ಗಟ್ಟಿಮಾಡುವುದು ನಿಮ್ಮದೇ ನಡಿಗೆ, ನಿಮ್ಮದೇ ವ್ಯಾಯಾಮ. ಆದರೆ ಕಾಲು ಬಲಗುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಮಲಗಳ ಹಿಡಿತ ತಪ್ಪಿದರೆ, ನೋವಿನೊಡನೆ ಜ್ವರ ಬಂದರೆ ಎಣ್ಣೆಯೂ ಬೇಡ, ಒದೆಯೂ ಬೇಡ, ಆಸನವೂ ಬೇಡ. ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೊರಡಿ. ಅಲ್ಲಿ ಕಳೆದುಕೊಂಡ ಒಂದು ದಿನ ಜೀವನಪೂರ್ತಿ ಕಾಲನ್ನು ಕಸಿದುಕೊಳ್ಳಬಹುದು.

ನಮ್ಮ ಹಿರಿಯರು ಕೈಯನ್ನು ನಂಬಿದರು, ಬೆಳ್ಳೂರಿನ ಹುಡುಗ ಮೈಯನ್ನು ನಂಬಿದ. ನೀವು ಎರಡನ್ನೂ ನಂಬಿ, ಜೊತೆಗೆ ವಿವೇಕವನ್ನೂ ಬಿಡಬೇಡಿ. ಓದಿ ಮುಗಿಸಿದಿರಲ್ಲ, ಇನ್ನು ಎದ್ದು ನಾಲ್ಕು ಹೆಜ್ಜೆ ನಡೆಯಿರಿ.