‘ಬಿಕಾಸ್’ ಬಂದ ದಾರಿ

ಹೈಸ್ಕೂಲಿನಲ್ಲಿ ನಾನೊಮ್ಮೆ ಬರೆದಿದ್ದೆ: ‘ಐ ಡಿಡ್ ನಾಟ್ ಕಮ್. ಬಿಕಾಸ್ ಇಟ್ ರೇನ್ಡ್.’ ಎರಡನೆಯ ವಾಕ್ಯಕ್ಕೆ ಕೆಂಪು ಗೆರೆ ಬಿತ್ತು. ‘ನಾನು ಬರಲಿಲ್ಲ. ಏಕೆಂದರೆ ಮಳೆ ಬಂತು’ ಎಂಬುದು ಕನ್ನಡದಲ್ಲಿ ಸರಿಯಾಗಿರುವಾಗ ಇಲ್ಲೇನು ತಪ್ಪು? ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಆ ಪದದ ಚರಿತ್ರೆಯಲ್ಲಿ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಇಂಗ್ಲಿಷಿಗೆ ಹರಿದುಬಂದವು. ‘ಕಾಸ್’, ಅಂದರೆ ಕಾರಣ, ಅವುಗಳಲ್ಲೊಂದು. 14ನೆಯ ಶತಮಾನದಲ್ಲಿ, ಕವಿ ಚಾಸರನ ಕಾಲಕ್ಕೆ, ಅದಕ್ಕೆ ಇಂಗ್ಲಿಷಿನದೇ ‘ಬೈ’ ಸೇರಿ ‘ಬೈ ಕಾಸ್ ದಟ್’ ಎಂಬ ಪ್ರಯೋಗವಿತ್ತು. ಮುಂದೆ ಮೊದಲೆರಡು ಪದ ಬೆಸೆದು, ‘ದಟ್’ ಉದುರಿ, ‘ಬಿಕಾಸ್’ ಉಳಿಯಿತು. ‘ಮಳೆ ಬಂದ ಕಾರಣದಿಂದ’ ಎಂದಷ್ಟೇ ಹೇಳಿ ಸುಮ್ಮನಾದರೆ ಕೇಳುವವರು ‘ಮುಂದೆ?’ ಎನ್ನುತ್ತಾರಲ್ಲವೆ? ಕ್ರಿಯಾವಿಶೇಷಣ ಉಪವಾಕ್ಯದ ಸ್ವಭಾವವೇ ಅದು; ಪ್ರಧಾನ ವಾಕ್ಯಕ್ಕೆ ಒರಗಿಯೇ ನಿಲ್ಲಬೇಕು. ನನ್ನ ವಾಕ್ಯದ ನಡುವಿನ ಪೂರ್ಣವಿರಾಮ ತೆಗೆದಿದ್ದರೆ ಸಾಕಿತ್ತು.

ನಮ್ಮ ‘ಏಕೆಂದರೆ’ಯ ಹುಟ್ಟು ಬೇರೆ: ‘ಏಕೆ ಎಂದರೆ’. ಪ್ರಶ್ನೆ ಆ ಪದದೊಳಗೇ ಇದೆ. ‘ಮಳೆ ಬಂತು’ ಎಂಬುದು ಸ್ವತಂತ್ರ ಉತ್ತರ.

ಈಗ ವಿದ್ಯಾರ್ಥಿಗಳ ಹಾಳೆಯಲ್ಲಿ ಆ ತಪ್ಪು ಕಂಡರೆ ಗೆರೆ ಎಳೆಯುವ ಮೊದಲು ಈ ಕತೆ ಹೇಳುತ್ತೇನೆ. ಅದು ಕನ್ನಡವನ್ನು ಚೆನ್ನಾಗಿ ಬಲ್ಲವರು ಮಾಡುವ ತಪ್ಪು.