ಲಾಭದ ಮನೆಯಲ್ಲಿ ಹುಟ್ಟಿದ ‘ಡ್ರಾಬ್ಯಾಕ್’

‘ಎಲ್ಲಾ ಚೆನ್ನಾಗಿದೆ, ಇದೊಂದೇ ಡ್ರಾಬ್ಯಾಕ್.’ ನಿವೇಶನ ನೋಡುವಾಗ, ಸಂಬಂಧ ಕುದುರಿಸುವಾಗ ಕನ್ನಡಿಗರ ಬಾಯಲ್ಲಿ ಸಲೀಸಾಗಿ ಬರುವ ಮಾತಿದು. ಕೊರತೆ, ತೊಡಕು, ಅನನುಕೂಲ ಎಂಬುದು ಇದರ ಅರ್ಥ. ಆದರೆ ಹದಿನೇಳನೆಯ ಶತಮಾನದ ಇಂಗ್ಲಿಷ್ ವ್ಯಾಪಾರಿಗೆ ಡ್ರಾಬ್ಯಾಕ್ ಎಂದರೆ ಸಿಹಿಸುದ್ದಿ. ಸರಕನ್ನು ಹೊರದೇಶಕ್ಕೆ ಕಳಿಸಿದಾಗ ಅವನಿಗೆ ವಾಪಸು ಸಿಗುತ್ತಿದ್ದ ಸುಂಕಕ್ಕೆ ಆ ಹೆಸರು. ‘ಹಿಂದಕ್ಕೆ ಸೆಳೆಯುವುದು’ ಎಂಬುದು ಪದದ ಮೂಲಾರ್ಥ. ಹದಿನೆಂಟನೆಯ ಶತಮಾನದಲ್ಲಿ ಅದಕ್ಕೆ ಮನುಷ್ಯನನ್ನು ಹಿಂದೆಳೆಯುವ ಅಡ್ಡಿ ಎಂಬ ಅರ್ಥವೂ ಸೇರಿತು. ಹಳೆಯ ಅರ್ಥವೂ ಸತ್ತಿಲ್ಲ: ಭಾರತದ 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಡ್ರಾಬ್ಯಾಕ್ ಎಂದರೆ ಇಂದಿಗೂ ಸುಂಕದ ಮರುಪಾವತಿಯೇ.

ಇದಕ್ಕೆ ಸಮೀಪದ ನಮ್ಮ ಪದ ‘ಬಾಧಕ’. ತಡೆಯುವುದು, ಪೀಡಿಸುವುದು ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು. ಕನ್ನಡದಲ್ಲಿ ಅದು ಒಂಟಿಯಾಗಿ ಓಡಾಡುವುದು ಕಡಿಮೆ. ‘ಸಾಧಕ-ಬಾಧಕ’ ಎಂದು ಜೋಡಿಯಾಗಿಯೇ ಬರುತ್ತದೆ. ತಕ್ಕಡಿಗೆ ಎರಡು ತಟ್ಟೆ ಇರಲೇಬೇಕೆಂಬ ವಿವೇಕ ಈ ಜೋಡಿಯಲ್ಲಿದೆ.

ಆ ತಕ್ಕಡಿಯನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನ ಚೆನ್ನಾಗಿ ಬಲ್ಲರು. ಸದಾ ಹರಿಯುವ ನದಿ ಇಲ್ಲದ ಈ ಸೀಮೆಯಲ್ಲಿ ಹಿರಿಯರು ಮಳೆನೀರು ಹಿಡಿಯಲು ಸಾಲುಸಾಲು ಕೆರೆ ಕಟ್ಟಿದರು. ಮುಂದೆ ಕೊಳವೆಬಾವಿ ಬಂತು. ಟೊಮೆಟೊ, ರೇಷ್ಮೆ, ಹೈನು ಬೆಳೆದವು. ಅದರ ಬಾಧಕ ತಡವಾಗಿ ಕಂಡಿತು. ಕೆರೆಗಳಲ್ಲಿ ಹೂಳು ತುಂಬಿತು, ಅಂತರ್ಜಲ ಪಾತಾಳಕ್ಕಿಳಿಯಿತು, ಆಳದ ನೀರಿನಲ್ಲಿ ಫ್ಲೋರೈಡ್ ಬಂತು. ಬೇಗ ಕಾಸು ಕೊಡುತ್ತದೆಂದು ನೆಟ್ಟ ನೀಲಗಿರಿಯೂ ನೀರು ಹೀರುತ್ತದೆಂಬ ದೂರು ಬಲವಾಗಿ, 2017ರಲ್ಲಿ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಲಕ್ಷ್ಮೀಸಾಗರ ಕೆರೆ ತಲುಪಿತು. ದಿನಕ್ಕೆ 44 ಕೋಟಿ ಲೀಟರ್ ನೀರನ್ನು 126 ಕೆರೆಗಳಿಗೆ ಹರಿಸಿ ಅಂತರ್ಜಲ ಹೆಚ್ಚಿಸುವುದು ‘ಕೆ.ಸಿ. ವ್ಯಾಲಿ’ ಯೋಜನೆಯ ಗುರಿ. ತಿಂಗಳೊಪ್ಪತ್ತಿನಲ್ಲೇ ನೊರೆ ಕಾಣಿಸಿತು, ಹೈಕೋರ್ಟ್ ತಡೆ ನೀಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ನೀರು ಮತ್ತೆ ಹರಿಯಿತು.

ಒಣಗಿದ್ದ ಕೆರೆ ತುಂಬಿದ್ದು ಸಾಧಕ. ಎರಡೇ ಹಂತದಲ್ಲಿ ಶುದ್ಧವಾದ ನೀರು ಕುಡಿಯುವ ಬಾವಿಯ ಪಕ್ಕದಲ್ಲೇ ಇಂಗುತ್ತಿದೆಯೆಂಬ ಭಯ ಬಾಧಕ. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಕೇಳಿದವರನ್ನು ನೀರಿನ ವಿರೋಧಿಗಳೆನ್ನುವುದು ಸಲ್ಲದು. ನೀರು ಕಂಡು ಹಿಗ್ಗಿದ ರೈತನನ್ನು ಅಮಾಯಕನೆನ್ನುವುದೂ ಸಲ್ಲದು. ಬಾಧಕವನ್ನು ಹೆಸರಿಟ್ಟು ಹೇಳುವುದು ಸಾಧಕವನ್ನು ಬೇಡವೆನ್ನುವುದಕ್ಕಲ್ಲ, ಅದನ್ನು ಉಳಿಸಿಕೊಳ್ಳುವುದಕ್ಕೆ.